ಸಾರ್ಜೆಂಟ್ ಕಫ್ ಮತ್ತು ತೆರೆಯದ ಬೀರು

ಅವರು: ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ ಓದಿದವರು ಸಾರ್ಜೆಂಟ್ ಕಫ್‌ನನ್ನು ಮೆಚ್ಚದೆ ಇರುವುದಿಲ್ಲ. ಆ ಪಾತ್ರದ ಚಿತ್ರಣ ನನಗೂ ಇಷ್ಟವೇ. ಒಣಕಲು ಮೈ, ಕಪ್ಪು ಉಡುಪು, ಗುಲಾಬಿಯ ಮೇಲೆ ಅಪಾರ ಪ್ರೀತಿ; ವಜ್ರದ ಕಳವಿನ ವಿಚಾರಣೆ ನಡುವೆಯೇ ಮನೆಯ ಮಾಲಿಯ ಜೊತೆ ಗುಲಾಬಿ ಪಾತಿಗಳ ನಡುವಿನ ದಾರಿಗೆ ಹುಲ್ಲು ಒಳ್ಳೆಯದೋ ಜಲ್ಲಿ ಒಳ್ಳೆಯದೋ ಎಂದು ಹಠ ಹಿಡಿದು ವಾದಿಸುತ್ತಾನೆ. ಆದರೆ ಪೊಲೀಸನನ್ನು ಅಳೆಯಬೇಕಾದ್ದು ಅವನ ಕೆಲಸದಿಂದ. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನಿಂದ ದೊಡ್ಡ ಹೆಸರು ಹೊತ್ತು ಯಾರ್ಕ್‌ಷೈರಿನ ಬಂಗಲೆಗೆ ಬಂದವನು ಕೊನೆಗೆ ಹೇಳಿದ್ದೇನು? ಮನೆಯ ಮಗಳು ರೇಚಲ್ ವೆರಿಂಡರ್ ತನ್ನ ವಜ್ರವನ್ನು ತಾನೇ ಬಚ್ಚಿಟ್ಟಿದ್ದಾಳೆ, ಯಾರಿಗೂ ಹೇಳಲಾಗದ ಸಾಲ ತೀರಿಸಲು. ಅದಕ್ಕೆ ಮನೆಗೆಲಸದ ರೋಸಾನಾ ಸ್ಪಿಯರ್ಮನ್ ನೆರವಾಗಿದ್ದಾಳೆ. ಎರಡೂ ಸುಳ್ಳು. ರೋಸಾನಾ ಮರಳಿನ ಹುದುಲಿಗೆ ಬಿದ್ದು ಸತ್ತಳು, ಮನೆಯೊಡತಿ, ರೇಚಲ್‌ಳ ತಾಯಿ ಲೇಡಿ ವೆರಿಂಡರ್, ಕಫ್‌ಗೆ ಸಂಭಾವನೆಯ ಚೆಕ್ಕು ಕೊಟ್ಟು ಕಳಿಸಿದಳು. ಕಥೆಯ ಅರ್ಧ ದಾರಿಯಲ್ಲೇ ಸೋತು ಹೋದವನನ್ನು ದೊಡ್ಡ ಪತ್ತೇದಾರನೆಂದು ಕರೆಯುವುದಕ್ಕೆ ಏನು ಆಧಾರ?

ಇವರು: ಆಧಾರ ಆ ಸೋಲಿನಲ್ಲೇ ಇದೆ. ಅವನು ಎಲ್ಲಿ ಸೋತ, ಯಾವ ಬಾಗಿಲಿನ ಮುಂದೆ ಸೋತ ಎಂಬುದನ್ನು ನೋಡಬೇಕು. ಮೊದಲು ಅವನ ಕೆಲಸವನ್ನೇ ಹಿಡಿದು ನೋಡೋಣ. ವಜ್ರ ಕಾಣೆಯಾದ ಕೋಣೆಯ ಬಾಗಿಲಿಗೆ ಹೊಸದಾಗಿ ಬಣ್ಣ ಹಚ್ಚಿದ್ದರು, ಒಂದು ಕಡೆ ಆ ಬಣ್ಣ ಕದಡಿತ್ತು. ಸ್ಥಳೀಯ ಅಧಿಕಾರಿ ಸೀಗ್ರೇವ್ ಅದನ್ನು ನೋಡಿದ್ದ. ಕೆಲಸದ ಹೆಂಗಸರು ಗುಂಪಾಗಿ ನುಗ್ಗಿದಾಗ ಲಂಗ ತಗುಲಿರಬೇಕೆಂದು ಗದರಿಸಿ ಬಿಟ್ಟುಬಿಟ್ಟ. ಕಫ್ ಕೇಳಿದ್ದು ಬಣ್ಣ ಆರಲು ಎಷ್ಟು ಹೊತ್ತು ಬೇಕು ಎಂದು. 12 ಗಂಟೆ. ಹಚ್ಚಿ ಮುಗಿಸಿದ್ದು ಬುಧವಾರ ಮಧ್ಯಾಹ್ನ 3ಕ್ಕೆ. ಆ ನಡುರಾತ್ರಿ ಬಾಗಿಲನ್ನು ಕಂಡವಳೊಬ್ಬಳು ಬಣ್ಣ ಸರಿಯಾಗಿಯೇ ಇತ್ತೆಂದಳು. ಹಾಗಿದ್ದರೆ ಅದು ಕದಡಿದ್ದು ನಡುರಾತ್ರಿಗೂ ಮುಂಜಾನೆ 3 ಗಂಟೆಗೂ ನಡುವೆ, ಕದಡಿದವರ ಬಟ್ಟೆಗೆ ಬಣ್ಣ ಹತ್ತಿರಲೇಬೇಕು. ಇಲ್ಲಿಂದ ಮುಂದೆ ಅವನು ಕಂಡುಹಿಡಿದದ್ದನ್ನು ಗಮನಿಸಿ. ರೋಸಾನಾ ಕಾಯಿಲೆಯ ನೆಪ ಹೇಳಿ ಗುಟ್ಟಾಗಿ ಪಟ್ಟಣಕ್ಕೆ ಹೋಗಿ ಬಟ್ಟೆ ಕೊಂಡಿದ್ದಳು. ಆ ಬಟ್ಟೆಯಲ್ಲಿ ರಾತ್ರಿಯ ಅಂಗಿ ಹೊಲಿದಿದ್ದಾಳೆ, ಕಲೆಯಾದ ಅಂಗಿಯ ಜಾಗಕ್ಕೆ ಹೊಸದನ್ನು ಇಡುವುದಕ್ಕೆ ಎಂದು ಅವನು ಊಹಿಸಿದ. ಮೀನುಗಾರರ ಮನೆಯಲ್ಲಿ ಅವಳು ತಗಡಿನ ಪೆಟ್ಟಿಗೆಯನ್ನೂ ಸರಪಳಿಯನ್ನೂ ಕೊಂಡದ್ದು ತಿಳಿದು, ಏನನ್ನೋ ಮರಳಿನ ಹುದುಲಿನಲ್ಲಿ ಇಳಿಬಿಟ್ಟಿದ್ದಾಳೆಂದೂ ತಿಳಿದ. ಇಷ್ಟೂ ನಿಜವಾಯಿತು, ಒಂದೂ ಹುಸಿಯಾಗಲಿಲ್ಲ. ಅವನು ತಪ್ಪಿದ್ದು ಒಂದೇ ಕಡೆ: ಕಲೆಯಾದ ಅಂಗಿ ಯಾರದು? ರೇಚಲ್‌ಳದೆಂದು ಅವನೆಂದ, ಅದು ಅದೇ ಮನೆಯಲ್ಲಿ ಉಳಿದುಕೊಂಡಿದ್ದ ಅವಳ ಸಂಬಂಧಿ ಫ್ರಾಂಕ್ಲಿನ್ ಬ್ಲೇಕ್‌ನದು. ಅದಕ್ಕೆ ಉತ್ತರ ಬಲ್ಲ ಹೆಂಗಸರು ಇಬ್ಬರಿದ್ದರು. ಒಬ್ಬಳು ಫ್ರಾಂಕ್ಲಿನ್‌ನನ್ನು ಪ್ರೀತಿಸಿ ಬಾಯಿ ಕಟ್ಟಿಕೊಂಡ ಕೆಲಸದ ಹೆಣ್ಣು. ಇನ್ನೊಬ್ಬಳು ರೇಚಲ್. ಫ್ರಾಂಕ್ಲಿನ್ ವಜ್ರ ತೆಗೆಯುವುದನ್ನು ಅವಳು ಕಣ್ಣಾರೆ ಕಂಡಿದ್ದಳು.

ಅವರು: ಸಾಕ್ಷಿ ಮಾತಾಡದಿದ್ದರೆ ಪತ್ತೇದಾರನೇನು ಮಾಡಬೇಕು ಎನ್ನುತ್ತೀರಿ. ಎಲ್ಲ ಪತ್ತೇದಾರರಿಗೂ ಇರುವ ತೊಂದರೆಯೇ ಅದು. ಬಾಯಿ ಬಿಡದವರ ನಡುವೆ ಸತ್ಯ ಹೆಕ್ಕುವುದೇ ಅವರ ಕಸುಬು.

ಇವರು: ಬಾಯಿ ಬಿಡದವರೆಲ್ಲ ಒಂದೇ ಅಲ್ಲ. ಕಾದಂಬರಿ ಈ ವ್ಯತ್ಯಾಸವನ್ನು ಬಹಳ ನಿಖರವಾಗಿ ತೋರಿಸುತ್ತದೆ, ನನ್ನ ವಾದ ನಿಂತಿರುವುದೂ ಅಲ್ಲೇ. ಕಲೆಯಾದ ಬಟ್ಟೆ ಹುಡುಕಲು ಕಫ್ ಒಂದು ದಾರಿ ಸೂಚಿಸಿದ: ಮನೆಯೊಡತಿಯಿಂದ ಹಿಡಿದು ಅಡುಗೆಯವಳವರೆಗೆ ಎಲ್ಲರ ಬೀರುಗಳನ್ನೂ ನೋಡೋಣ. ಸೀಗ್ರೇವ್ ಕೆಲಸದವರ ಪೆಟ್ಟಿಗೆಗಳನ್ನು ಮಾತ್ರ ಜಾಲಾಡಿ ಅವರನ್ನು ಕೆರಳಿಸಿದ್ದ. ಕಫ್ ಮಾಲೀಕರನ್ನೂ ಅದೇ ಸಾಲಿಗೆ ತಂದು, ಕೆಲಸದವರ ಮಾನ ಉಳಿಸಿದ. ಲೇಡಿ ವೆರಿಂಡರ್ ತಾನೇ ಮೊದಲು ಒಪ್ಪಿದಳು. ರೇಚಲ್ ಒಪ್ಪಲಿಲ್ಲ. ಆಗ ಕಫ್ ಎಲ್ಲರದನ್ನೂ ನೋಡಬೇಕು, ಇಲ್ಲವೇ ಯಾರದನ್ನೂ ನೋಡಬಾರದು ಎಂದು ಆ ಯೋಜನೆಯನ್ನೇ ಕೈಬಿಟ್ಟ. ಹೊರಟು ನಿಂತ ಗಾಡಿಯ ಬಳಿ ಅವಳನ್ನು ನೇರವಾಗಿ ಮಾತಾಡಿಸಿದರೂ ಅವಳು ಕಿವಿಗೊಡಲಿಲ್ಲ. ಕೆಲಸದವಳೊಬ್ಬಳು ಹೀಗೆ ಮಾಡಿದ್ದರೆ ಅಂದೇ ಜೈಲು ಸೇರುತ್ತಿದ್ದಳು. ಈಗ ಇದರ ಪಕ್ಕದಲ್ಲೇ ಮೂವರು ಭಾರತೀಯರ ಸಂಗತಿ ಇಡಿ. ವಜ್ರದ ಹಿಂದೆ ಬಂದಿದ್ದ ಅವರು ಆ ರಾತ್ರಿ ಬೇರೆ ಕಡೆ ಇದ್ದರೆಂದು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿತ್ತು. ಆದರೂ ಲೇಡಿ ವೆರಿಂಡರ್‌ಳ ಹಳೆಯ ಸ್ನೇಹಿತನಾದ ಮ್ಯಾಜಿಸ್ಟ್ರೇಟ್ ಕಾನೂನನ್ನು ಬೇಕಾದ ಕಡೆಗೆ ಎಳೆದು, ಅಲೆಮಾರಿಗಳೆಂಬ ನೆಪ ಹೂಡಿ ಅವರನ್ನು ಒಂದು ವಾರ ಕೂಡಿಹಾಕಿದ. ತಪ್ಪು ಮಾಡಿಲ್ಲವೆಂದು ಗೊತ್ತಿದ್ದವರು ಸೆರೆಯಲ್ಲಿ, ಎಲ್ಲ ಗೊತ್ತಿದ್ದವಳು ತನ್ನಿಷ್ಟದಂತೆ ಊರು ಬಿಟ್ಟು ಹೋದಳು. ಕಫ್ ಸೋತದ್ದು ಬುದ್ಧಿ ಸಾಲದೆ ಅಲ್ಲ. ಆ ಮನೆಯೊಳಗೆ ಪೊಲೀಸನ ಅಧಿಕಾರ ಎಲ್ಲಿಯವರೆಗೆ ಹೋಗುತ್ತದೆ ಎಂಬ ಗೆರೆ ಅವನು ಬರುವ ಮೊದಲೇ ಎಳೆದಾಗಿತ್ತು. ಕಾಲಿನ್ಸ್ ಆ ಗೆರೆಯನ್ನು ನಮಗೆ ತೋರಿಸಲೆಂದೇ ಇಷ್ಟು ಸಮರ್ಥನೊಬ್ಬನನ್ನು ಅಲ್ಲಿಗೆ ಕಳಿಸಿದ. ಪೆದ್ದನೊಬ್ಬ ಸೋತಿದ್ದರೆ ನಮಗೆ ಅವನ ಪೆದ್ದುತನ ಮಾತ್ರ ಕಾಣುತ್ತಿತ್ತು.

ಅವರು: ಆದರೂ ಅವನ ತೀರ್ಮಾನ ಅವನದೇ ಅಲ್ಲವೇ? ರೇಚಲ್ ಸುಮ್ಮನಿದ್ದಳೆಂದ ಮಾತ್ರಕ್ಕೆ ಕಳ್ಳಿಯಾಗಬೇಕಿರಲಿಲ್ಲ. ದೊಡ್ಡ ಮನೆಗಳ ಗುಟ್ಟು ರಟ್ಟಾದ ಕೇಸುಗಳಲ್ಲಿ ತನಗೆ 20 ವರ್ಷದ ಅನುಭವವಿದೆ, ಇಂಥ ಹುಡುಗಿಯರು ಸಾಲ ಮಾಡಿ ಒಡವೆ ಅಡವಿಡುತ್ತಾರೆ ಎಂಬ ಹಳೆಯ ಅಚ್ಚಿಗೆ ಅವಳನ್ನು ತುಂಬಿದ. ಬಣ್ಣದ ಕಲೆಯ ವಿಷಯದಲ್ಲಿ ಅಷ್ಟು ಜಾಗರೂಕನಾಗಿದ್ದವನು ಮನುಷ್ಯರ ವಿಷಯದಲ್ಲಿ ಏಕೆ ಆತುರಪಟ್ಟ?

ಇವರು: ಈ ಮಾತಿನಲ್ಲಿ ಸತ್ಯವಿದೆ. ತಾಯಿಗೆ ಮಗಳ ಸ್ವಭಾವ ಗೊತ್ತಿತ್ತು, ಅವಳು ಸುಳ್ಳಾಡುವವಳಲ್ಲ ಎಂದು ಆಕೆ ಹೇಳಿದಳು. ಕಫ್ ಅದಕ್ಕೆ ಬೆಲೆ ಕೊಡಲಿಲ್ಲ. ಆದರೆ ಅವನ ಮುಂದೆ ಇದ್ದ ಸಂಗತಿಗಳನ್ನೇ ನೀವು ಇಟ್ಟುಕೊಂಡು ಬೇರೆ ತೀರ್ಮಾನಕ್ಕೆ ಬನ್ನಿ ನೋಡೋಣ. ವಜ್ರ ಕಳೆದುಕೊಂಡವಳು ಅದನ್ನು ಹುಡುಕುವವರ ಮೇಲೆಲ್ಲ ಸಿಟ್ಟಾಗುತ್ತಾಳೆ. ಎಲ್ಲರಿಗಿಂತ ಹೆಚ್ಚು ಸಿಟ್ಟು, ಪೊಲೀಸರನ್ನು ಕರೆಸಲು ಮುಂದೆ ನಿಂತ ಫ್ರಾಂಕ್ಲಿನ್ ಮೇಲೆ. ಬೀರು ತೆರೆಯಲೊಲ್ಲಳು, ಪ್ರಶ್ನೆಗೆ ಉತ್ತರಿಸಲೊಲ್ಲಳು. ಫ್ರಾಂಕ್ಲಿನ್ ಅಫೀಮಿನ ಅಮಲಿನಲ್ಲಿ, ತನಗೇ ಅರಿವಿಲ್ಲದೆ ವಜ್ರ ತೆಗೆದಿದ್ದ, ಅದೂ ಅದನ್ನು ಜೋಪಾನ ಮಾಡುವ ಕಳಕಳಿಯಿಂದ. ವೈದ್ಯನೊಬ್ಬ ಅವನಿಗೆ ಗೊತ್ತಾಗದಂತೆ ಔಷಧಿ ಕುಡಿಸಿದ್ದ, ಆ ವೈದ್ಯನೋ ಜ್ವರ ಬಂದು ನೆನಪು ಕಳೆದುಕೊಂಡಿದ್ದಾನೆ. ಇದನ್ನು ಯಾವ ಪತ್ತೇದಾರ ಊಹಿಸಿಯಾನು? ಇನ್ನೊಂದು ಮುಖ್ಯ ಸಂಗತಿ, ಕಫ್ ತನ್ನ ತರ್ಕವನ್ನು ಎಂದೂ ಬಚ್ಚಿಡಲಿಲ್ಲ. ಮನೆಯೊಡತಿಯ ಮುಂದೆ ಕುಳಿತು, ಅವಳಿಗೆ ನೋವಾಗುವ ಮಾತನ್ನು ಮೆತ್ತಗೆ, ಆದರೆ ಪೂರ್ತಿಯಾಗಿ ಹೇಳಿದ. ಹೋಗುವಾಗ ಮೂರು ಸಂಗತಿ ಮುಂದೆ ನಡೆಯುತ್ತವೆಂದ: ಮೀನುಗಾರರ ಮನೆಯಿಂದ ರೋಸಾನಾಳ ಬಗ್ಗೆ ಸುದ್ದಿ ಬರುತ್ತದೆ, ಆ ಮೂವರು ಭಾರತೀಯರು ಮತ್ತೆ ಕಾಣಿಸಿಕೊಳ್ಳುತ್ತಾರೆ, ಲಂಡನ್ನಿನ ಲೇವಾದೇವಿಗಾರ ಲೂಕರ್‌ನ ಹೆಸರು ಕೇಳಿಬರುತ್ತದೆ. ಮೂರೂ ನಡೆದವು. ನಿವೃತ್ತನಾಗಿ ಡಾರ್ಕಿಂಗ್‌ನಲ್ಲಿ ಗುಲಾಬಿ ಬೆಳೆಸುತ್ತಿದ್ದವನು ಫ್ರಾಂಕ್ಲಿನ್‌ನ ಕರೆಗೆ ಮತ್ತೆ ಬಂದಾಗ, ತನ್ನಿಂದ ತಪ್ಪಾಯಿತೆಂದು ಒಪ್ಪಿಕೊಂಡ. ಬಂದವನು ತಾನು ಈಗ ಯಾರನ್ನು ಶಂಕಿಸುತ್ತೇನೆಂದು ಬರೆದು ಮುಚ್ಚಿದ ಲಕೋಟೆಯನ್ನೂ ಕೊಟ್ಟ. ಅದರಲ್ಲಿದ್ದದ್ದು ರೇಚಲ್‌ಳ ಇನ್ನೊಬ್ಬ ಸಂಬಂಧಿಯ ಹೆಸರು, ಗಾಡ್‌ಫ್ರೀ ಏಬಲ್‌ವೈಟ್. ಅವನೇ ನಿಜವಾದ ಕಳ್ಳ.

ಅವರು: ಹಾಗಿದ್ದರೆ ಇನ್ನೂ ಕಠಿಣವಾದ ಪ್ರಶ್ನೆ ಕೇಳುತ್ತೇನೆ. ಕಫ್‌ನ ಹಿಂದೆ ನಿಜವಾದ ಒಬ್ಬ ಪೊಲೀಸಿನವನಿದ್ದಾನೆ, ಜೊನಾಥನ್ ವಿಚರ್. 1842ರಲ್ಲಿ ಸ್ಕಾಟ್ಲೆಂಡ್ ಯಾರ್ಡ್ ಎಂಟು ಜನರಿಂದ ಪತ್ತೇದಾರಿ ಶಾಖೆ ಶುರುಮಾಡಿದಾಗ ಅವರಲ್ಲೊಬ್ಬ. 1860ರಲ್ಲಿ ರೋಡ್ ಎಂಬ ಹಳ್ಳಿಯ ಕೆಂಟ್ ಕುಟುಂಬದ ಮನೆಯಲ್ಲಿ ಇನ್ನೂ ನಾಲ್ಕು ತುಂಬದ ಗಂಡುಮಗುವಿನ ಕೊಲೆಯಾಯಿತು. ವಿಚರ್ ಹೋಗಿ ನೋಡಿ, ಮಗುವಿನ ಮಲಅಕ್ಕ, 16 ವರ್ಷದ ಕಾನ್‌ಸ್ಟನ್ಸ್ ಕೆಂಟ್‌ಳನ್ನು ಬಂಧಿಸಿದ. ಅವನ ಮುಖ್ಯ ಸುಳಿವು ಅವಳ ಒಂದು ರಾತ್ರಿಯ ಅಂಗಿ ಕಾಣೆಯಾದದ್ದು. ಕಾಲಿನ್ಸ್ ಆ ಅಂಗಿಯನ್ನೇ ಎತ್ತಿಕೊಂಡು ರಕ್ತದ ಬದಲು ಬಣ್ಣ ಬಳಿದ. ಸರಿ. ಆದರೆ ನಿಜದಲ್ಲಿ ವಿಚರ್ ಶಂಕಿಸಿದ್ದು ಸರಿಯಾಗಿತ್ತು. ಮ್ಯಾಜಿಸ್ಟ್ರೇಟರು ಹುಡುಗಿಯನ್ನು ಬಿಟ್ಟರು, ಕೂಲಿವರ್ಗದ ಪೊಲೀಸಿನವನೊಬ್ಬ ಮರ್ಯಾದಸ್ಥರ ಮಗಳ ಮೇಲೆ ಕೈಹಾಕಿದನೆಂದು ಪತ್ರಿಕೆಗಳು ಅವನನ್ನು ಹರಿದು ತಿಂದವು, 1864ರಲ್ಲಿ ಅವನು ಕೆಲಸ ಬಿಟ್ಟ. 1865ರಲ್ಲಿ ಕಾನ್‌ಸ್ಟನ್ಸ್ ತಾನೇ ತಪ್ಪೊಪ್ಪಿಕೊಂಡಳು, 20 ವರ್ಷ ಸೆರೆಯಲ್ಲಿದ್ದಳು. ಅವಳ ತಪ್ಪೊಪ್ಪಿಗೆ ಎಲ್ಲರಿಗೂ ಗೊತ್ತಾದ ಮೇಲೆ, 1868ರಲ್ಲಿ, ಡಿಕನ್ಸ್‌ನ ‘ಆಲ್ ದಿ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಕಾಲಿನ್ಸ್ ಈ ಕಾದಂಬರಿ ಬರೆದ. ಬರೆದು, ಮನೆಯ ಮಗಳನ್ನು ನಿರ್ದೋಷಿ ಮಾಡಿದ, ಪೊಲೀಸನನ್ನು ತಪ್ಪಿತಸ್ಥ ಮಾಡಿದ. ಮರ್ಯಾದಸ್ಥ ಓದುಗರಿಗೆ ಹಾಯೆನಿಸುವಂತೆ ಸತ್ಯವನ್ನೇ ತಿರುಗಿಸಿದ್ದಲ್ಲವೇ ಇದು?

ಇವರು: ಬರೀ ತಿರುಗಿಸಿ ಬಿಟ್ಟಿದ್ದರೆ ನಿಮ್ಮ ದೂರು ಸರಿ. ಆದರೆ ಅವನು ತಪ್ಪನ್ನು ಆ ಮನೆಯ ಹೊರಗೆ ಹಾಕಲಿಲ್ಲ. ವಜ್ರ ತೆಗೆದದ್ದು ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದ ಸಂಬಂಧಿ. ಕದ್ದು ಮಾರಲು ಹೊರಟದ್ದು ಇನ್ನೊಬ್ಬ ಸಂಬಂಧಿ ಗಾಡ್‌ಫ್ರೀ, ಹೆಂಗಸರ ದಾನಧರ್ಮದ ಸಂಘಗಳಲ್ಲಿ ಭಾಷಣ ಮಾಡಿ ಕಣ್ಣೀರು ತರಿಸುವ ಸಜ್ಜನ, ತನ್ನ ವಶದಲ್ಲಿದ್ದ ಬೇರೆಯವರ ಹಣವನ್ನು ನುಂಗಿದ್ದವನು. ಕಳ್ಳತನ ಮನೆಯವರ ಕೈಯಿಂದಲೇ ಆಗಿದೆ, ಭಾರತೀಯರಿಂದ ಅಲ್ಲ, ಕೆಲಸದವರಿಂದ ಅಲ್ಲ ಎಂದು ಕಫ್ ಹೇಳಿದ್ದು ಅಕ್ಷರಶಃ ಸರಿ. ಬೆರಳು ತೋರಿಸಿದ ದಿಕ್ಕು ತಪ್ಪಲಿಲ್ಲ, ಆ ದಿಕ್ಕಿನಲ್ಲಿ ನಿಂತವರಲ್ಲಿ ಒಬ್ಬರ ಬದಲು ಇನ್ನೊಬ್ಬರಾದರು. ಕಾಲಿನ್ಸ್ ಮಾಡಿದ ಇನ್ನೊಂದು ಬದಲಾವಣೆಯನ್ನು ನೀವು ಹೇಳಲಿಲ್ಲ. ನಿಜದಲ್ಲಿ ಸರಿಯಾಗಿದ್ದ ವಿಚರ್‌ನನ್ನು ಇಂಗ್ಲೆಂಡ್ ಅವಮಾನಿಸಿತು. ಕಾದಂಬರಿಯಲ್ಲಿ ತಪ್ಪಿದ ಕಫ್‌ಗೆ ಗೌರವ ಸಿಗುತ್ತದೆ. ಹಳೆಯ ಕಾರುಬಾರಿ ಬೆಟರೆಜ್ ಅವನ ಮೇಲೆ ರೇಗುತ್ತಲೇ ಅವನನ್ನು ಇಷ್ಟಪಡುತ್ತಾನೆ, ಲೇಡಿ ವೆರಿಂಡರ್ ಅವನ ಪ್ರಾಮಾಣಿಕತೆಯನ್ನು ಒಪ್ಪಿಕೊಂಡೇ ಬೀಳ್ಕೊಡುತ್ತಾಳೆ. ವಿಚರ್ ಒಬ್ಬ ತೋಟಗಾರನ ಮಗ. ಕಫ್ ತನ್ನ ತಂದೆಯ ಹೂಗಿಡಗಳ ನಡುವೆ ಬೆಳೆದವನು, ಅಲ್ಲೇ ಸಾಯಬೇಕೆಂದಿರುವವನು. ಈ ಸಾಮ್ಯ ನನಗೆ ಆಕಸ್ಮಿಕ ಅನಿಸುವುದಿಲ್ಲ. ಸರಿ ಮಾಡಿಯೂ ಮಾನ ಕಳೆದುಕೊಂಡವನಿಗೆ, ಪೊಲೀಸನೂ ತಪ್ಪಬಹುದು, ತಪ್ಪಿಯೂ ಮನುಷ್ಯನಾಗಿ ಮಾನ ಉಳಿಸಿಕೊಳ್ಳಬಹುದು ಎಂಬ ಜಾಗವನ್ನು ಕಾಲಿನ್ಸ್ ಕಟ್ಟಿಕೊಟ್ಟಿದ್ದಾನೆ.

ಅವರು: ಕೊನೆಯಲ್ಲಿ ಗಂಟು ಬಿಡಿಸಿದ್ದು ಪೊಲೀಸನಲ್ಲವಲ್ಲ. ವೈದ್ಯನ ಸಹಾಯಕ ಎಜ್ರಾ ಜೆನ್ನಿಂಗ್ಸ್ ಫ್ರಾಂಕ್ಲಿನ್‌ಗೆ ಮತ್ತೆ ಅಫೀಮು ಕುಡಿಸಿ, ಅದೇ ಮನೆಯಲ್ಲಿ ಅದೇ ರಾತ್ರಿಯನ್ನು ಮತ್ತೆ ಆಡಿಸಿ ತೋರಿಸಿದ. ಕಾಲಿನ್ಸ್ ಸ್ವತಃ ಸಂಧಿವಾತದ ನೋವಿಗೆ ಲಾಡನಮ್ ಕುಡಿಯುತ್ತಿದ್ದವನು, ಅದರ ಗುಣ ಬಲ್ಲವನು. ಅವನ ನಂಬಿಕೆ ವೈದ್ಯಶಾಸ್ತ್ರದ ಮೇಲಿತ್ತು, ಪೊಲೀಸರ ಮೇಲಲ್ಲ ಎಂದೇ ನಾನು ಓದುತ್ತೇನೆ.

ಇವರು: ಜೆನ್ನಿಂಗ್ಸ್ ಗೆದ್ದದ್ದು ಹೇಗೆ, ಯೋಚಿಸಿ. ಮೊದಲು ರೋಸಾನಾಳ ಪತ್ರ ಫ್ರಾಂಕ್ಲಿನ್‌ನ ಕೈಗೆ ಬಂತು, ಮರಳಿನಿಂದ ಪೆಟ್ಟಿಗೆ ಎದ್ದು ಬಂತು, ಅಂಗಿಯ ಮೇಲೆ ಅವನದೇ ಹೆಸರಿತ್ತು. ನಂತರ ರೇಚಲ್ ತಾನು ಕಂಡದ್ದನ್ನು ಅವನಿಗೆ ಹೇಳಿದಳು. ಆಮೇಲೆ ಫ್ರಾಂಕ್ಲಿನ್ ಪ್ರಯೋಗಕ್ಕೆ ಮೈ ಒಡ್ಡಿದ, ರೇಚಲ್ ಮನೆ ಬಿಟ್ಟುಕೊಟ್ಟಳು. ಕಫ್‌ಗೆ ಸಿಗದ ಒಂದೊಂದು ಬಾಗಿಲೂ ಈಗ ಒಳಗಿನಿಂದ ತೆರೆಯಿತು. ಆ ಬಾಗಿಲುಗಳು ತೆರೆಯಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು, ಅಷ್ಟರಲ್ಲಿ ಲೇಡಿ ವೆರಿಂಡರ್ ತೀರಿಕೊಂಡಿದ್ದಳು. ಮನೆ ಮಾತಾಡಲು ಮನಸ್ಸು ಮಾಡಿದಾಗ ಸತ್ಯ ಹೊರಬಂತು ಎಂದರೆ ಅದು ವೈದ್ಯಶಾಸ್ತ್ರದ ಗೆಲುವು ಮಾತ್ರವಲ್ಲ. ಮುಂದಿನ ಇಂಗ್ಲಿಷ್ ಪತ್ತೇದಾರಿ ಸಾಹಿತ್ಯ ಈ ಬಾಗಿಲಿನ ಸಮಸ್ಯೆಯನ್ನು ಬಿಡಿಸಿದ್ದು ಅದನ್ನು ಮರೆಸಿ. 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಿಂದ ಲೆಸ್ಟ್ರೇಡ್‌ನಂಥ ಪೊಲೀಸರು ಬರೀ ದಾರಿ ತಪ್ಪುವವರಾದರು, ಒಳಗೆ ಹೋಗುವ ಹಕ್ಕು ಹೋಮ್ಸ್‌ನಂಥ ಖಾಸಗಿ ಪತ್ತೇದಾರನಿಗೆ ಬಂತು. ಡೊರೊಥಿ ಸೇಯರ್ಸ್ ಅವನನ್ನು ಲಾರ್ಡ್ ಪೀಟರ್ ವಿಮ್ಸಿ ಮಾಡಿದಳು, ಅಂಥವನಿಗೆ ಯಾವ ಮನೆಯ ಬಟ್ಲರ್ ಬಾಗಿಲು ಹಾಕುತ್ತಾನೆ? ನ್ಯೂಜಿಲೆಂಡಿನ ನಾಯೊ ಮಾರ್ಷ್ ಪೊಲೀಸನನ್ನೇ ನಾಯಕನಾಗಿಸಿದಳು, ಆದರೆ ಅವಳ ರಾಡ್ರಿಕ್ ಅಲ್ಲೇನ್ ಬ್ಯಾರನೆಟ್‌ನ ತಮ್ಮ. ಪೊಲೀಸನಿಗೆ ಮನೆತನ ಕೊಟ್ಟು ಒಳಗೆ ಬಿಟ್ಟದ್ದು ಅದು. ಜೋಸೆಫೀನ್ ಟೇ ಮಾತ್ರ ಕಫ್‌ನ ಹತ್ತಿರ ಬರುತ್ತಾಳೆ ಎಂದು ನನಗೆ ತೋರುತ್ತದೆ. ಅವಳ ಇನ್ಸ್‌ಪೆಕ್ಟರ್ ಅಲನ್ ಗ್ರಾಂಟ್ 1929ರ ಮೊದಲ ಕಾದಂಬರಿಯಲ್ಲೇ ನಿರಪರಾಧಿಯೊಬ್ಬನನ್ನು ಬಂಧಿಸಿ, ಸಾಕ್ಷ್ಯವೆಲ್ಲ ಸರಿಹೊಂದುತ್ತಿದ್ದರೂ ನೆಮ್ಮದಿ ಕಳೆದುಕೊಳ್ಳುತ್ತಾನೆ. ತನ್ನ ತೀರ್ಮಾನದ ಭಾರ ಹೊರುವ ಪೊಲೀಸ್ ಅಪರೂಪ.

ಅವರು: ನೀವು ಬಾಗಿಲುಗಳ ಮಾತಾಡುತ್ತಿದ್ದೀರಿ. ಎಲ್ಲಕ್ಕಿಂತ ದೊಡ್ಡ ಬಾಗಿಲನ್ನು ಕಫ್ ತಟ್ಟಲೇ ಇಲ್ಲ. ಆ ವಜ್ರ ಆ ಮನೆಗೆ ಬಂದದ್ದು ನಮ್ಮ ಶ್ರೀರಂಗಪಟ್ಟಣದಿಂದ. ಕಾದಂಬರಿ ಶುರುವಾಗುವುದೇ 1799ರ ಮೇ 4ರ ದಾಳಿಯಿಂದ: ಕೋಟೆ ಬಿದ್ದ ಮೇಲೆ ಜಾನ್ ಹರ್ನ್‌ಕ್ಯಾಸಲ್ ಎಂಬ ಅಧಿಕಾರಿ ಟಿಪ್ಪುವಿನ ಆಯುಧಶಾಲೆಯಲ್ಲಿ ವಜ್ರ ಕಾಯುತ್ತಿದ್ದ ಮೂವರನ್ನು ಕೊಂದು ಅದನ್ನು ದೋಚುತ್ತಾನೆ. ಅದೇ ವಜ್ರವನ್ನು ಸೋದರಿಯ ಮಗಳಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಬಿಟ್ಟುಹೋಗುತ್ತಾನೆ. ಕಫ್ ಕದ್ದ ಮಾಲಿನ ಕಳವನ್ನು ಪತ್ತೆಮಾಡಲು ಬಂದವನು. ಅದು ಯಾರದೆಂದು ಒಂದು ಸಲವೂ ಕೇಳಲಿಲ್ಲ. ಕನ್ನಡದ ಓದುಗರಾಗಿ ನಾವು ಇದನ್ನು ಹೇಗೆ ಮರೆಯಬೇಕು?

ಇವರು: ಮರೆಯಬೇಕಾಗಿಲ್ಲ, ಕಾಲಿನ್ಸ್ ಕೂಡ ಮರೆಯಲು ಬಿಡುವುದಿಲ್ಲ. ಹರ್ನ್‌ಕ್ಯಾಸಲ್‌ನ ಕೃತ್ಯವನ್ನು ಬರೆದಿಡುವ ಅವನ ಬಂಧುವಿಗೆ ಕೊಲೆಗಾರ ಯಾರೆಂದು ಖಚಿತವಾಗಿ ಗೊತ್ತು, ಆದರೆ ಕೊಂದದ್ದನ್ನು ತಾನು ಕಣ್ಣಿನಿಂದ ಕಂಡಿಲ್ಲವೆಂದು ದೂರು ಕೊಡುವುದಿಲ್ಲ, ಬಂಧುಗಳಿಗಾಗಿ ಕಾಗದ ಬರೆದಿಟ್ಟು ಸುಮ್ಮನಾಗುತ್ತಾನೆ. ರೇಚಲ್ ಸುಮ್ಮನಿದ್ದದ್ದೂ ಇದೇ ಕುಟುಂಬದ ಅಭ್ಯಾಸ, ಒಂದು ತಲೆಮಾರು ನಂತರದ್ದು. ಇತಿಹಾಸವೂ ಬೇರೆ ಹೇಳುವುದಿಲ್ಲ: ಶ್ರೀರಂಗಪಟ್ಟಣದಲ್ಲಿ ಲೂಟಿ ನಿಲ್ಲಿಸಲು ಆರ್ಥರ್ ವೆಲ್ಲೆಸ್ಲಿ ಸಾಮಾನ್ಯ ಸೈನಿಕರನ್ನು ಗಲ್ಲಿಗೇರಿಸಿದ, ಅದೇ ಖಜಾನೆಯನ್ನು ಅಧಿಕಾರಿಗಳು ಅವರವರ ದರ್ಜೆಗೆ ತಕ್ಕಂತೆ ಬಹುಮಾನವೆಂದು ಹಂಚಿಕೊಂಡರು. ಟಿಪ್ಪುವಿನ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಕಫ್ ಈ ಪ್ರಶ್ನೆ ಕೇಳಲಿಲ್ಲ, ನಿಜ. ಅವನಿಗೆ ಸಂಬಳ ಕೊಡುತ್ತಿದ್ದ ಕಾನೂನಿನಲ್ಲಿ ಆ ಪ್ರಶ್ನೆಗೆ ಸ್ಥಳವೇ ಇರಲಿಲ್ಲ. ವಜ್ರವನ್ನು ಸೋಮನಾಥಕ್ಕೆ ಮರಳಿ ತಲುಪಿಸಿದವರು ಆ ಮೂವರು ಭಾರತೀಯರು, ಗಾಡ್‌ಫ್ರೀಯನ್ನು ಕೊಂದು. ಅವರನ್ನು ಹಿಡಿಯುವ ಪ್ರಯತ್ನ ವಿಫಲವಾಯಿತೆಂದು ಕಾದಂಬರಿ ಹೇಳುವಾಗ ನನಗೆ ಅಲ್ಲಿ ದುಃಖದ ಸುಳಿವು ಕಾಣುವುದಿಲ್ಲ. ಪೊಲೀಸರಿಂದ ಆಗದ ನ್ಯಾಯ ಬೇರೆಯವರಿಂದ ಆಯಿತೆಂದು ಬರೆಯುವ ಧೈರ್ಯ 1868ರ ಇಂಗ್ಲೆಂಡಿನಲ್ಲಿ ಬಹಳ ಲೇಖಕರಿಗೆ ಇರಲಿಲ್ಲ.

ಅವರು: ಇದನ್ನು ಒಪ್ಪುತ್ತೇನೆ. ಆದರೆ ರೋಸಾನಾಳ ವಿಷಯದಲ್ಲಿ ನೀವು ಹೇಳಿದ್ದು ನನಗೆ ಸಾಲದು. ಜೈಲಿನಿಂದ ಬಂದು ಬದುಕು ಸರಿಮಾಡಿಕೊಳ್ಳುತ್ತಿದ್ದ ಹೆಣ್ಣು ಅವಳು. ಕಫ್ ಅವಳ ಹಳೆಯ ಕಥೆ ಗೊತ್ತಿದ್ದೂ ಇತರ ಕೆಲಸದವರ ಮುಂದೆ ಬಯಲು ಮಾಡಲಿಲ್ಲ, ಅದು ಅವನ ಹಿರಿಮೆ. ಆದರೆ ಅವಳು ಕೇಳಿಸಿಕೊಳ್ಳುವಷ್ಟು ಹತ್ತಿರ ಇದ್ದಾಳೆಂದು ತಿಳಿದೇ, ರೋಸಾನಾಳ ಮೇಲೆ ನಿಮಗೆ ಆಸಕ್ತಿಯಿದೆಯೇ ಎಂಬ ಅರ್ಥದ ಮಾತನ್ನು ಗಟ್ಟಿಯಾಗಿ ಫ್ರಾಂಕ್ಲಿನ್‌ಗೆ ಹಾಕಿದ. ಫ್ರಾಂಕ್ಲಿನ್ ಅವಳಿಗೆ ತೊಂದರೆಯಾಗಬಾರದೆಂದು ಇಲ್ಲವೇ ಇಲ್ಲ ಎಂದುಬಿಟ್ಟ. ಅವಳು ಸತ್ತದ್ದು ಅದಾದ ಮೇಲೆ. ಬೀರುಗಳ ವಿಷಯದಲ್ಲಿ ಎಲ್ಲರೂ ಒಂದೇ ಎಂದವನು ಈ ಬಲೆ ಹಾಕಿದ್ದು ಕೆಲಸದವಳಿಗೆ ಮಾತ್ರ. ಮನೆಯ ಮಗಳನ್ನು ಪರೀಕ್ಷಿಸಬೇಕಾದಾಗ ಅವಳ ತಾಯಿಯ ಮೂಲಕ ಕೇಳಿಸಿದ.

ಇವರು: ಅವಳ ಗೆಳತಿ, ಕುಂಟುವ ಕಾಲಿನ ಲೂಸಿ, ಸಾವಿನ ಹೊಣೆಯನ್ನು ಕಫ್‌ನ ಮೇಲೆ ಹೊರಿಸಲಿಲ್ಲ, ಫ್ರಾಂಕ್ಲಿನ್‌ನ ಮೇಲೆ ಹೊರಿಸಿದಳು. ಆದರೂ ನೀವು ಹೇಳಿದ ಆ ದೃಶ್ಯಕ್ಕೆ ನನ್ನ ಬಳಿ ಸಮರ್ಥನೆಯಿಲ್ಲ. ಅವನ ವಿಚಾರಣೆ ಮೇಲಿನವರ ಬಾಗಿಲಲ್ಲಿ ನಿಂತಾಗ, ಅದರ ಭಾರವೆಲ್ಲ ಬಿದ್ದದ್ದು ಬಾಗಿಲು ಹಾಕಿಕೊಳ್ಳಲು ಕೋಣೆಯೇ ಇಲ್ಲದವಳ ಮೇಲೆ. ಅದು ಅವನಿಗೂ ಗೊತ್ತಾಯಿತೇ ಎಂದರೆ, ಬೆಟರೆಜ್ ಕೊರಳಪಟ್ಟಿ ಹಿಡಿದಾಗ ಕಫ್ ತಿರುಗಿ ಬೀಳಲಿಲ್ಲ ಎಂಬುದಕ್ಕಿಂತ ಹೆಚ್ಚಿನ ಪುರಾವೆ ಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ. ನನಗೆ ಅಷ್ಟು ಸಾಕು, ನಿಮಗೆ ಸಾಲದು.

ಅವರು: ಸಾಲದು. ಅವಳು ಬರೆದ ಕಾಗದವನ್ನು ಓದಿದ ಮೇಲಂತೂ ಸಾಲದು.